ಮೂರು ವರ್ಷ, ಐದು ವರ್ಷದ ಮಕ್ಕಳಿಗೆ ಮನೆಯಲ್ಲೇ ಪಾಠ: ಎಷ್ಟು ಹೊತ್ತು ಕೂರಿಸ್ಬೇಕು, ದೇವರ ವಿಷಯ ಹೇಗೆ ಹೇಳ್ಕೊಡ್ಬೇಕು?

ಇಬ್ಬರ ಅಮ್ಮ:
ಎಲ್ಲರಿಗೂ ವಂದನೆಗಳು. ನನಗೆ ಇಬ್ಬರು ಮಕ್ಕಳು, ದೊಡ್ಡವಳಿಗೆ ಇನ್ನೇನು ಐದು ತುಂಬುತ್ತೆ, ಚಿಕ್ಕವನಿಗೆ ಮೂರು. ನಾನೂ ನಮ್ಮ ಮನೆಯವರೂ ಪ್ರಾರ್ಥನೆ ಮಾಡಿ, ತುಂಬಾ ಯೋಚನೆ ಮಾಡಿ, ಒಂದನೇ ಕ್ಲಾಸಿನ ವಯಸ್ಸು ಬರೋವರೆಗೂ ಮನೆಯಲ್ಲೇ ಕಲಿಸೋಣ ಅಂತ ನಿರ್ಧಾರ ಮಾಡಿದೀವಿ. ಒಂದು ಕ್ರಿಶ್ಚಿಯನ್ ಹೋಮ್‌ಸ್ಕೂಲ್ ಪಠ್ಯಕ್ರಮ ತರಿಸಿದೀನಿ, ಅದರಲ್ಲಿ ಬೆಳಗ್ಗೆ ಬೈಬಲ್, ಆಮೇಲೆ ಅಕ್ಷರ, ಆಮೇಲೆ ಲೆಕ್ಕ, ಆಮೇಲೆ ಕ್ರಾಫ್ಟ್ ಅಂತ ಟೈಮ್‌ಟೇಬಲ್ ಇದೆ, ದಿನಕ್ಕೆ ಎರಡೂವರೆ ಗಂಟೆ. ಚಿಕ್ಕವನು ಬೈಬಲ್ ಕಥೆ ಅರ್ಧ ಆಗೋಷ್ಟ್ರಲ್ಲಿ ಎದ್ದು ಹೋಗ್ತಾನೆ. ದೊಡ್ಡವಳು ಕೂರ್ತಾಳೆ, ಆದ್ರೆ ಪೆನ್ಸಿಲ್ ಕೊಟ್ರೆ ಕಣ್ಣಲ್ಲಿ ನೀರು. ಶಾರ್ಲೆಟ್ ಮೇಸನ್ ಅನ್ನೋ ಇಂಗ್ಲಿಷ್ ಶಿಕ್ಷಣತಜ್ಞೆಯ ಪದ್ಧತಿ ಅನುಸರಿಸೋರು ಆರು ವರ್ಷದವರೆಗೂ ಪಾಠಾನೇ ಬೇಡ, ಹೊರಗೆ ಬಿಡಿ ಅಂತಾರೆ, ಇನ್ನು ಕೆಲವರು ಈ ವಯಸ್ಸಲ್ಲಿ ಓದಿಸದಿದ್ರೆ ಆಮೇಲೆ ಕಷ್ಟ ಅಂತಾರೆ. ಸಂಬಂಧಿಕರು ಬಂದಾಗಲೆಲ್ಲ ಮೊದಲು ಕೇಳೋದೇ ಎಷ್ಟು ಅಕ್ಷರ ಬರುತ್ತೆ ಅಂತ.

ನನಗೆ ಮುಖ್ಯವಾಗಿ ಬೇಕಾಗಿರೋದು ಮಕ್ಕಳು ದೇವರನ್ನ ಪ್ರೀತಿಯಿಂದ ತಿಳ್ಕೊಳ್ಳಬೇಕು ಅನ್ನೋದು. ದಿನಾ ಬೈಬಲ್ ಹೊತ್ತಲ್ಲೇ ನಾನು ಅವನನ್ನ "ಕೂತ್ಕೋ, ಕೂತ್ಕೋ" ಅಂತ ಗದರೋ ಹಾಗಾಗಿ ಹೋದ್ರೆ ಅದು ಉಲ್ಟಾ ಆಗುತ್ತಲ್ವಾ? ಈ ವಯಸ್ಸಿನ ಮಕ್ಕಳನ್ನ ಮನೆಯಲ್ಲಿ ಕಲಿಸಿದೋರು ದಯವಿಟ್ಟು ಹೇಳಿ, ನಿಮ್ಮ ದಿನ ನಿಜವಾಗ್ಲೂ ಹೇಗಿರ್ತಿತ್ತು?

ಮಣ್ಣು ಮತ್ತು ಮಕ್ಕಳು:
ಸಿಸ್ಟರ್, ನಾನು ಮದುವೆಗೆ ಮುಂಚೆ ನರ್ಸರಿ ಟೀಚರ್ ಆಗಿದ್ದೆ, ಈಗ ನನ್ನ ಮಕ್ಕಳನ್ನ ಮನೆಯಲ್ಲೇ ಕಲಿಸ್ತೀನಿ. ಮೂರು ವರ್ಷದ ಮಗುಗೆ ಎರಡೂವರೆ ಗಂಟೆ ಟೈಮ್‌ಟೇಬಲ್ ಬೇಡವೇ ಬೇಡ. ನಾವು ಹೇಳಿದ ಕೆಲಸಕ್ಕೆ ಅವನು ಒಂದು ಸಲಕ್ಕೆ ಐದರಿಂದ ಹತ್ತು ನಿಮಿಷ ಕೂತ್ರೆ ಚೆನ್ನಾಗಿ ಕೂತ ಅಂತಲೇ ಲೆಕ್ಕ. ಐದರ ಹತ್ತಿರದವಳಿಗೆ ಹದಿನೈದು ನಿಮಿಷ, ದಿನಕ್ಕೆ ಎರಡು ಸಲ. ಉಳಿದಿದ್ದೆಲ್ಲಾ ಆಟ, ಮನೆಕೆಲಸದಲ್ಲಿ ಕೈ ಜೋಡಿಸೋದು, ಹೊರಗೆ ಓಡೋದು, ಕಥೆ ಓದಿ ಹೇಳೋದು. ಕ್ಲಾಸಲ್ಲಿ ಇಪ್ಪತ್ತು ಮೂವತ್ತು ಮಕ್ಕಳನ್ನ ಒಬ್ರೇ ನೋಡ್ಬೇಕಾದಾಗ ಕೂರಿಸೋದು ಬೇಕಾಗುತ್ತೆ, ಯಾಕಂದ್ರೆ ಬೇರೆ ದಾರಿ ಇಲ್ಲ. ಮನೆಯಲ್ಲಿ ಇಬ್ಬರೇ ಇರುವಾಗ ಆ ಕಟ್ಟುಪಾಡು ಯಾಕೆ ತರಬೇಕು?

ಪೆನ್ಸಿಲ್ ವಿಷಯಕ್ಕೆ ಬರ್ತೀನಿ. ಮಣಿಕಟ್ಟಿನ ಸಣ್ಣ ಮೂಳೆಗಳು ಆ ವಯಸ್ಸಲ್ಲಿ ಇನ್ನೂ ಪೂರ್ತಿ ಬಲಿತಿರಲ್ಲ, ಬೆರಳಲ್ಲಿ ಶಕ್ತಿ ಇರಲ್ಲ. ಸಾಮಾನ್ಯವಾಗಿ ಮಕ್ಕಳು ಮೂರರ ಹೊತ್ತಿಗೆ ವೃತ್ತ ನೋಡಿ ಬರೀತಾರೆ, ನಾಲ್ಕರ ಹೊತ್ತಿಗೆ ಕೂಡಿಸುವ ಚಿಹ್ನೆ ಥರದ ಅಡ್ಡ ಉದ್ದ ಗೆರೆ, ನಾಲ್ಕೂವರೆ ಆಸುಪಾಸಲ್ಲಿ ಚೌಕ, ಐದರ ಹೊತ್ತಿಗೆ ತ್ರಿಕೋನ. ಓರೆ ಗೆರೆ ಕೈಗೆ ಹತ್ತೋದು ಎಲ್ಲಕ್ಕಿಂತ ಕೊನೆಗೆ. ನಿಮ್ಮ ಮಗಳು ಯಾವ ಹಂತದಲ್ಲಿದಾಳೆ ಅಂತ ಒಂದು ಖಾಲಿ ಹಾಳೆ ಕೊಟ್ಟು ನೋಡಿ, ಚೌಕಾನೇ ಬರದಿದ್ರೆ ಅಕ್ಷರ ತಿದ್ದಿಸಿದ್ರೆ ಅಳು ಬರೋದು ಸಹಜ. ಅಲ್ಲೀವರೆಗೂ ಜೇಡಿಮಣ್ಣು ನಾದೋದು, ಬಟ್ಟೆಗೆ ಕ್ಲಿಪ್ ಹಾಕೋದು, ಕತ್ತರಿಯಲ್ಲಿ ಹಳೇ ಪೇಪರ್ ಕತ್ತರಿಸೋದು, ಒಂದು ಲೋಟದಿಂದ ಇನ್ನೊಂದಕ್ಕೆ ಚೆಲ್ಲದೆ ನೀರು ಸುರಿಯೋದು, ಗೋಡೆಗೆ ದೊಡ್ಡ ಹಾಳೆ ಅಂಟಿಸಿ ನಿಂತ್ಕೊಂಡು ಬರೆಯೋದು, ಇವೆಲ್ಲಾ ಬರವಣಿಗೆಯ ಪಾಠಾನೇ. ಸಂಬಂಧಿಕರಿಗೆ ಕಾಣಲ್ಲ, ಅಷ್ಟೇ.

ಇದೇನು ಹೊಸ ಫ್ಯಾಷನ್ ಅಲ್ಲ. 1592ರಲ್ಲಿ ಹುಟ್ಟಿದ ಕೊಮೇನಿಯಸ್ ಒಬ್ಬ ಬಿಷಪ್, ಈಗಿನ ಚೆಕ್ ದೇಶದಲ್ಲಿರೋ ಮೊರೇವಿಯಾದವರು, ಮಕ್ಕಳ ಮೊದಲ ಆರು ವರ್ಷದ ಶಾಲೆ ತಾಯಿಯ ಮಡಿಲೇ ಅಂತ ಬರೆದವರು. ಆ ವಯಸ್ಸಲ್ಲಿ ನೀರು, ಮಣ್ಣು, ಕಲ್ಲು, ಬೆಳಕು, ಕತ್ತಲೆ, ಮೈಯ ಅಂಗಾಂಗಗಳ ಹೆಸರು ಇವನ್ನೆಲ್ಲಾ ಕಣ್ಣಾರೆ ನೋಡಿ ಮುಟ್ಟಿ ಕಲೀಬೇಕು ಅನ್ನೋದು ಅವರ ಮಾತಿನ ಸಾರ. ಮಕ್ಕಳ ಪಾಠಕ್ಕೆ ಚಿತ್ರಗಳಿರೋ ಪುಸ್ತಕ ಮಾಡಿ 1658ರಲ್ಲಿ ಅಚ್ಚು ಹಾಕಿಸಿದವರೂ ಅವರೇ.

ಮೂವರ ಅಪ್ಪ:
ಸ್ತೋತ್ರ ಸಿಸ್ಟರ್. ಮೇಲಿನವರು ಹೇಳಿದ್ದಕ್ಕೆ ನಂದೂ ಒಪ್ಪಿಗೆ, ನಾನು ದೇವರ ವಿಷಯದ ಕಡೆ ಹೇಳ್ತೀನಿ. ಬೈಬಲಿನ ಧರ್ಮೋಪದೇಶಕಾಂಡ 6ನೇ ಅಧ್ಯಾಯ 6, 7ನೇ ವಚನ ತೆಗೆದು ನೋಡಿ. ಮಕ್ಕಳಿಗೆ ಕಲಿಸೋಕೆ ಅಲ್ಲಿ ನಾಲ್ಕು ಹೊತ್ತು ಹೇಳಿದೆ, ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ನಾವು ಇದನ್ನೇ ನಮ್ಮ ಟೈಮ್‌ಟೇಬಲ್ ಮಾಡ್ಕೊಂಡಿದೀವಿ. ಎದ್ದ ತಕ್ಷಣ ಒಂದೇ ಒಂದು ಹಾಡು, ಎರಡು ನಿಮಿಷ ಆಗಲ್ಲ. ಊಟಕ್ಕೆ ಕೂತಾಗ ಒಂದು ಚಿಕ್ಕ ಕಥೆ, ಆಗ ಹೇಗಿದ್ರೂ ಕೂತಿರ್ತಾರೆ, ಕೂತ್ಕೋ ಅಂತ ಗದರೋ ಪ್ರಶ್ನೆನೇ ಬರಲ್ಲ. ನಡೆಯುವಾಗ ಮಾತು, ಅದಕ್ಕೆ ಪ್ಲಾನ್ ಏನೂ ಇಲ್ಲ, ಇರುವೆ ಸಾಲು ಕಂಡ್ರೆ ಇರುವೆ, ಮಳೆ ಬಂದ್ರೆ ಮಳೆ. ಮಲಗುವಾಗ ಒಂದು ಕೀರ್ತನೆ ಮತ್ತೆ ಅವತ್ತಿಗೆ ಥ್ಯಾಂಕ್ಸ್ ಹೇಳೋದು.

ಅಪ್ಪಂದಿರಿಗೆ ಒಂದು ಮಾತು, ದಯವಿಟ್ಟು ಇದನ್ನ ಪೂರ್ತಿ ಹೆಂಡತಿ ತಲೆ ಮೇಲೆ ಹಾಕ್ಬೇಡಿ. ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಬರೆದ, ನಂಬಿಕೆಯ ಪಾಠ ಕಲಿಸೋ ಚಿಕ್ಕ ಪ್ರಶ್ನೋತ್ತರದಲ್ಲಿ ಒಂದೊಂದು ಭಾಗದ ಮೇಲೂ ಮನೆಯ ಯಜಮಾನ ತನ್ನ ಮನೆಯವರಿಗೆ ಇದನ್ನ ಸರಳವಾಗಿ ಹೇಗೆ ಕಲಿಸ್ಬೇಕು ಅಂತ ತಲೆಬರಹ ಹಾಕಿದಾರೆ. ಎಫೆಸ 6:4 ನೇರವಾಗಿ ತಂದೆಗಳಿಗೇ ಬರೆದಿದ್ದು, ಅದರಲ್ಲಿ ಮೊದಲು ಬರೋದು ಮಕ್ಕಳಿಗೆ ಕೋಪ ಬರೋ ಹಾಗೆ ಮಾಡ್ಬೇಡಿ ಅನ್ನೋದು, ಶಿಕ್ಷಣದ ಮಾತು ಅದಾದ್ಮೇಲೆ. ಆ ಕ್ರಮ ನನಗೆ ತುಂಬಾ ಮುಖ್ಯ ಅನ್ಸುತ್ತೆ. ಕೆಲಸದಿಂದ ಎಷ್ಟೇ ಸುಸ್ತಾಗಿ ಬಂದ್ರೂ ಮಲಗಿಸೋ ಅರ್ಧ ಗಂಟೆ ನನ್ನದು ಅಂತ ಇಟ್ಕೊಂಡಿದೀನಿ.

ಓದೋದು ತಡ ಆಯ್ತು ಅಂತ ಹೆದರಬೇಡಿ. ಮೆಥೊಡಿಸ್ಟ್ ಸಭೆ ಶುರು ಮಾಡಿದ ಜಾನ್ ವೆಸ್ಲಿ, ಚಾರ್ಲ್ಸ್ ವೆಸ್ಲಿ ಇವರ ತಾಯಿ ಸುಸಾನಾ ವೆಸ್ಲಿ ಮಕ್ಕಳಿಗೆಲ್ಲ ಮನೆಯಲ್ಲೇ ಕಲಿಸಿದವರು, ಐದು ವರ್ಷ ಆಗೋವರೆಗೂ ಓದು ಶುರು ಮಾಡ್ತಿರಲಿಲ್ಲ ಅಂತ ಅವರೇ ಪತ್ರದಲ್ಲಿ ಬರೆದಿದಾರೆ, ಒಬ್ಬಳ ವಿಷಯದಲ್ಲಿ ಮಾತ್ರ ಬೇಗ ಶುರು ಆಯ್ತಂತೆ. ಐದಾದ್ಮೇಲೆ ಹೆಚ್ಚಿನವರು ಒಂದೇ ದಿನದಲ್ಲಿ ಇಂಗ್ಲಿಷ್ ಅಕ್ಷರಮಾಲೆ ಕಲಿತು ನೇರ ಆದಿಕಾಂಡ 1ನೇ ಅಧ್ಯಾಯದಿಂದ ಓದೋಕೆ ಶುರು ಮಾಡ್ತಿದ್ರು. ಅವರ ಮನೆಯ ಶಿಸ್ತು ತುಂಬಾ ಬಿಗಿ, ಅದನ್ನೆಲ್ಲಾ ನಾನು ಅನುಸರಿಸಲ್ಲ, ಮಗು ಒಂದು ವರ್ಷಕ್ಕೇ ಸದ್ದಿಲ್ಲದೆ ಅಳೋಕೆ ಕಲೀಬೇಕು ಅನ್ನೋದು ನನಗೆ ಒಪ್ಪಿಗೆ ಇಲ್ಲ. ಆದ್ರೆ ಓದಿಗೆ ಕಾಯಬಹುದು ಅನ್ನೋದಕ್ಕೆ ಅದು ಒಳ್ಳೆ ಉದಾಹರಣೆ.

ಇನ್ನೊಂದು, ನೀವಿರೋ ದೇಶದಲ್ಲಿ ಕಡ್ಡಾಯ ಶಾಲೆ ಯಾವ ವಯಸ್ಸಿಗೆ ಶುರು ಅಂತ ಮೊದಲೇ ನೋಡ್ಕೊಳ್ಳಿ. ಎಲ್ಲಾ ಕಡೆ ಒಂದೇ ಅಲ್ಲ, ಫ್ರಾನ್ಸ್‌ನಲ್ಲಿ 2019ರಿಂದ 3 ವರ್ಷಕ್ಕೇ ಶಿಕ್ಷಣ ಕಡ್ಡಾಯ, ಜರ್ಮನಿಯಲ್ಲಿ ಶಾಲೆ ವಯಸ್ಸು ಬಂದ್ಮೇಲೆ ಮನೆ ಪಾಠಕ್ಕೆ ಸಾಮಾನ್ಯವಾಗಿ ಅವಕಾಶಾನೇ ಇಲ್ಲ.

ಇಬ್ಬರ ಅಮ್ಮ:
ಬ್ರದರ್, ಊಟದ ಹೊತ್ತಲ್ಲಿ ಕಥೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ, ಇವತ್ತಿಂದಲೇ ಮಾಡ್ತೀನಿ. ಇನ್ನೊಂದು ಕೇಳ್ಬೇಕು. ಮೊನ್ನೆ ಮಗಳಿಗೆ ಯೇಸು ನಿನ್ನ ಹೃದಯದಲ್ಲಿ ಇರ್ತಾರೆ ಅಂದೆ. ಎದೆ ಮೇಲೆ ಕೈ ಇಟ್ಕೊಂಡು "ಒಳಗೆ ಕತ್ತಲೆ ಇರಲ್ವಾ ಅಮ್ಮ, ಅವರಿಗೆ ಭಯ ಆಗಲ್ವಾ" ಅಂದ್ಳು. ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಜೊತೆಗೆ ಯಾವ ಕಥೆ ಹೇಳ್ಬೇಕು ಅನ್ನೋದೂ ಗೊಂದಲ, ಪಠ್ಯಕ್ರಮದಲ್ಲಿ ಎರಡನೇ ವಾರಕ್ಕೇ ನೋಹನ ಕಾಲದ ಜಲಪ್ರಳಯ ಇದೆ.

ಸಂಡೇಸ್ಕೂಲ್ ಅಕ್ಕ:
ಪ್ರೈಸ್ ದ ಲಾರ್ಡ್ ಸಿಸ್ಟರ್. ಬಿಗಿನರ್ಸ್ ಕ್ಲಾಸಿನ ಮಕ್ಕಳ ಜೊತೆ ತುಂಬಾ ವರ್ಷದಿಂದ ಇದೀನಿ, ನಿಮ್ಮ ಮಗಳ ಪ್ರಶ್ನೆ ಓದಿ ಮನಸ್ಸು ತುಂಬಿ ಬಂತು. ಯೇಸುವಿಗೆ ಭಯ ಆಗಬಾರದು ಅಂತ ಯೋಚಿಸಿದಾಳೆ ನೋಡಿ, ಅದಕ್ಕಿಂತ ದೊಡ್ಡ ಪ್ರೀತಿ ಏನು ಬೇಕು. ಈ ವಯಸ್ಸಿನ ಮಕ್ಕಳು ನಾವು ಹೇಳಿದ್ದನ್ನ ಇದ್ದದ್ದು ಇದ್ದಂಗೇ ತಗೊಳ್ತಾರೆ. ಹೃದಯದಲ್ಲಿ ವಾಸ, ರಕ್ತದಿಂದ ತೊಳೆಯೋದು, ದೇವರ ಕುರಿಮರಿ, ಇಂಥ ಮಾತು ನಮಗೆ ರೂಢಿ, ಅವರಿಗೆ ಗೊಂದಲ, ಕೆಲವೊಮ್ಮೆ ಭಯ. "ಯೇಸು ನಿನ್ನನ್ನ ಪ್ರೀತಿಸ್ತಾರೆ, ಯಾವಾಗ್ಲೂ ನಿನ್ನ ಜೊತೆ ಇದಾರೆ, ನೀನು ಮಾತಾಡಿದ್ದು ಕೇಳಿಸ್ಕೊಳ್ತಾರೆ" ಅಂತ ನೇರವಾಗಿ ಹೇಳಿ. ಯಾಕೆ ಕಾಣಲ್ಲ ಅಂತ ಕೇಳಿದ್ರೆ, "ಈಗ ನಮ್ಮ ಕಣ್ಣಿಗೆ ಕಾಣಲ್ಲ, ಒಂದು ದಿನ ನೋಡ್ತೀವಿ" ಅನ್ನಿ, ಅಷ್ಟು ಸಾಕು. ಮಕ್ಕಳು ಅಷ್ಟಕ್ಕೆ ಸಮಾಧಾನ ಆಗ್ತಾರೆ, ಉದ್ದುದ್ದ ವಿವರಣೆ ಬೇಕಾಗೋದು ನಮಗೆ.

ಕಥೆಗಳ ವಿಷಯ. ಮೂರು ವರ್ಷಕ್ಕೆ ಲೂಕ 15ರ ಕಳೆದುಹೋದ ಕುರಿ, ಅದನ್ನ ತಿಂಗಳುಗಟ್ಟಲೆ ಹೇಳಿದ್ರೂ ಬೇಜಾರಾಗಲ್ಲ. ಮಾರ್ಕ 10ರಲ್ಲಿ ಶಿಷ್ಯರು ಮಕ್ಕಳನ್ನ ತಡೆದಾಗ ಯೇಸು ಬಿಡಿ ಅಂದು ಎತ್ಕೊಂಡಿದ್ದು. ದೋಣಿಯಲ್ಲಿ ಬಿರುಗಾಳಿ. ಬುಟ್ಟಿಯಲ್ಲಿ ಮೋಶೆ, ದೂರದಲ್ಲಿ ನಿಂತು ಕಾಯೋ ಅಕ್ಕ, ನಿಮ್ಮ ಮಗಳಿಗೆ ಈ ಅಕ್ಕನ ಪಾತ್ರ ತುಂಬಾ ಇಷ್ಟ ಆಗುತ್ತೆ ನೋಡಿ. ಜಕ್ಕಾಯ ಮರ ಹತ್ತಿದ್ದು. ಬಾಲಕ ಸಮುವೇಲ, ಅದರಲ್ಲಿ ಅವನ ತಾಯಿ ಹನ್ನ ವರ್ಷಾ ವರ್ಷಾ ಅವನಿಗೆ ಒಂದು ಚಿಕ್ಕ ನಿಲುವಂಗಿ ಹೊಲಿದು ತಂದು ಕೊಡ್ತಿದ್ಳು ಅನ್ನೋ ವಚನ ಬಿಡ್ಬೇಡಿ, 1 ಸಮುವೇಲ 2:19. ಮಕ್ಕಳು ಆ ಅಂಗಿ ಎಷ್ಟು ದೊಡ್ಡದು, ಯಾವ ಬಣ್ಣ ಅಂತ ಕೇಳೇ ಕೇಳ್ತಾರೆ.

ಇಸಾಕನ ಬಲಿ, ಗೊಲ್ಯಾತನ ತಲೆ ಕಡಿಯೋದು, ಐಗುಪ್ತದ ಚೊಚ್ಚಲ ಮಕ್ಕಳ ಸಾವು ಇವಕ್ಕೆ ಅವಸರ ಇಲ್ಲ. ನೋಹನ ಕಥೆಯಲ್ಲಿ ಪ್ರಾಣಿಗಳು, ಹಡಗು, ಪಾರಿವಾಳ, ಮುಗಿಲುಬಿಲ್ಲು ಸಾಕು, ಉಳಿದದ್ದು ಕೇಳಿದಾಗ ಸುಳ್ಳು ಹೇಳದೆ ಸಣ್ಣದಾಗಿ ಹೇಳಿ. ಶಿಲುಬೆ ಮುಚ್ಚಿಡಬೇಕಾಗಿಲ್ಲ, ಆದ್ರೆ ಮೊಳೆ ರಕ್ತದ ವಿವರ ಬೇಡ, ಮತ್ತೆ ಯೇಸು ಸತ್ತ ಶುಕ್ರವಾರದ ಕಥೆ ಹೇಳಿದ್ರೆ ಅದೇ ಉಸಿರಲ್ಲಿ ಭಾನುವಾರ ಬೆಳಗ್ಗೆ ಸಮಾಧಿ ಖಾಲಿ ಆಗಿದ್ದನ್ನೂ ಹೇಳಿ ಮುಗಿಸಿ. ಚಿಕ್ಕ ಮಗುನ ಎರಡು ದಿನ ದುಃಖದಲ್ಲಿ ನಿಲ್ಲಿಸ್ಬಾರದು.

ನನಗೆ ತುಂಬಾ ನೋವು ಕೊಡೋದು ಒಂದಿದೆ, ಅದನ್ನ ಹೇಳಲೇಬೇಕು. "ಹಾಗೆ ಮಾಡಿದ್ರೆ ದೇವರು ನೋಡ್ತಾರೆ, ಶಿಕ್ಷೆ ಕೊಡ್ತಾರೆ", "ಯೇಸುಗೆ ನಿನ್ನ ಕಂಡ್ರೆ ಬೇಜಾರಾಗುತ್ತೆ" ಅಂತ ಮೂರು ವರ್ಷದ ಮಗುಗೆ ಹೇಳ್ಬೇಡಿ. ಆಟದ ಸಾಮಾನು ಎತ್ತಿಡಿಸೋಕೆ ದೇವರ ಹೆಸರು ತರಬಾರದು. ಅದು ನಿಮ್ಮ ಮಾತು, ನಿಮ್ಮ ಮಾತಾಗಿಯೇ ಹೇಳಿ. ಮಗು ತಪ್ಪು ಮಾಡಿದಾಗ ದೇವರ ಹತ್ತಿರ ಓಡಿ ಬರೋ ಹಾಗಿರ್ಬೇಕು, ದೇವರಿಂದ ಬಚ್ಚಿಟ್ಕೊಳ್ಳೋ ಹಾಗಲ್ಲ.

ಹಾಗೇ ಕಥೆ ಮುಗಿದ ತಕ್ಷಣ "ಇದರಿಂದ ಏನು ಕಲಿತೆ" ಅಂತ ಕೇಳೋದೂ ಬೇಡ. ಸುಮ್ನಿರಿ. ಅವರೇ ಎರಡು ದಿನ ಬಿಟ್ಟು ಕೇಳ್ತಾರೆ. ಕಂಠಪಾಠಕ್ಕೆ ಒಂದೇ ವಚನದಿಂದ ಶುರು ಮಾಡಿ, ಕೀರ್ತನೆ 117 ಪೂರ್ತಿ ಎರಡೇ ವಚನ, 23ನೇ ಕೀರ್ತನೆ ಆರೇ ವಚನ, ದಿನಾ ಮಲಗುವಾಗ ನೀವು ಹೇಳ್ತಾ ಹೋದ್ರೆ ಬಾಯಿಪಾಠ ಮಾಡಿಸೋದೇ ಬೇಡ, ಒಂದು ದಿನ ನಿಮ್ಮ ಜೊತೆ ಹೇಳೋಕೆ ಶುರು ಮಾಡ್ತಾರೆ. ಪ್ರಾರ್ಥನೆಯಲ್ಲಿ ಅವನು ಲಾರಿಗೋಸ್ಕರ ಥ್ಯಾಂಕ್ಸ್ ಹೇಳಿದ್ರೆ ತಿದ್ದಬೇಡಿ, ಆಮೆನ್ ಅನ್ನಿ.

ಜಪಸರ:
ನಾನು ಕಥೋಲಿಕ, ನಮ್ಮಲ್ಲೂ ಇದೇ ಮಾತು ಇರೋದ್ರಿಂದ ಬರೀತಿದೀನಿ. ಮರಿಯಾ ಮೊಂಟೆಸ್ಸರಿ ಗೊತ್ತಿರುತ್ತೆ, 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆ ಅನ್ನೋ ಚಿಕ್ಕ ಮಕ್ಕಳ ಶಾಲೆ ಶುರು ಮಾಡಿದವರು. ಅದೇ ರೋಮ್‌ನಲ್ಲಿ 1954ರಲ್ಲಿ ಸೋಫಿಯಾ ಕವಲೆತ್ತಿ ಅನ್ನೋ ಬೈಬಲ್ ವಿದ್ವಾಂಸರು ಮೊಂಟೆಸ್ಸರಿ ಶಿಕ್ಷಕಿ ಜಿಯಾನ್ನಾ ಗೊಬ್ಬಿ ಜೊತೆ ಸೇರಿ ಚಿಕ್ಕ ಮಕ್ಕಳಿಗೆ ಧರ್ಮೋಪದೇಶ ಶುರು ಮಾಡಿದ್ರು, ಇವತ್ತು ಅದನ್ನ ಒಳ್ಳೆಯ ಕುರುಬನ ಧರ್ಮೋಪದೇಶ ಅಂತಾರೆ, ಕಥೋಲಿಕರಲ್ಲದ ಸಭೆಗಳಲ್ಲೂ ನಡೆಸ್ತಾರೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ಯೋಹಾನ 10ರ ಕುರುಬ ತನ್ನ ಕುರಿಗಳನ್ನ ಹೆಸರು ಹಿಡಿದು ಕರೀತಾನೆ ಅನ್ನೋದು ಎಷ್ಟು ಆಳಕ್ಕೆ ಇಳಿಯುತ್ತೆ ಅನ್ನೋದನ್ನ ಅವರು ಮಕ್ಕಳನ್ನ ನೋಡ್ತಾ ಕಂಡ್ಕೊಂಡಿದ್ದು. ಮರದ ಚಿಕ್ಕ ಕುರುಬ, ಕುರಿಗಳು, ಒಂದು ಹಟ್ಟಿ ಇಷ್ಟೇ ಸಾಮಾನು. ದೊಡ್ಡವರು ನಿಧಾನಕ್ಕೆ ವಚನ ಓದ್ತಾ ಒಂದ್ಸಲ ಆಡಿಸಿ ತೋರಿಸ್ತಾರೆ, ಆಮೇಲೆ ಮಗು ತಾನೇ ಎಷ್ಟು ಹೊತ್ತು ಬೇಕಾದ್ರೂ ಆಡ್ಕೊಬಹುದು. ಎದ್ದು ಓಡೋ ಮಗುಗೆ ಇದು ವರ, ಕೈಗೆ ಕೆಲಸ ಇರುತ್ತೆ. ನಮ್ಮ ಮನೆಯಲ್ಲಿ ರಟ್ಟಿನಲ್ಲೇ ಮಾಡ್ಕೊಂಡಿದೀವಿ.

ಇನ್ನೊಂದು ನಾವು ಮಾಡೋದು, ಪ್ರಾರ್ಥನೆ ಜಾಗದಲ್ಲಿರೋ ಚಿಕ್ಕ ಮೇಜಿನ ಬಟ್ಟೆನ ಸಭೆಯ ಕಾಲಕ್ಕೆ ತಕ್ಕಂತೆ ಬದಲಾಯಿಸೋದು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲ (ಅಡ್ವೆಂಟ್) ಮತ್ತೆ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲಕ್ಕೆ ನೇರಳೆ, ಕ್ರಿಸ್ಮಸ್ ಮತ್ತೆ ಈಸ್ಟರ್‌ಗೆ ಬಿಳಿ, ಪವಿತ್ರಾತ್ಮ ಇಳಿದು ಬಂದ ಪೆಂತೆಕೋಸ್ತ್ ಹಬ್ಬಕ್ಕೆ ಕೆಂಪು, ಉಳಿದ ಸಾಧಾರಣ ಕಾಲಕ್ಕೆ ಹಸಿರು. ನಾಲ್ಕು ವರ್ಷದ ಮಗುಗೆ ತಿಂಗಳು ವಾರ ಅಂದ್ರೆ ತಿಳಿಯಲ್ಲ, ಆದ್ರೆ ಹಸಿರು ಬಟ್ಟೆ ತೆಗೆದು ನೇರಳೆ ಹಾಸಿದಾಗ ಏನೋ ಬರ್ತಾ ಇದೆ ಅಂತ ಗೊತ್ತಾಗುತ್ತೆ. ಅಡ್ವೆಂಟ್‌ನ ನಾಲ್ಕು ಭಾನುವಾರಕ್ಕೆ ನಾಲ್ಕು ಮೇಣದಬತ್ತಿ, ಕಾಯೋದನ್ನ ಇದಕ್ಕಿಂತ ಚೆನ್ನಾಗಿ ಹೇಗೆ ಕಲಿಸೋದು ನನಗೆ ಗೊತ್ತಿಲ್ಲ.

ಸಂಡೇಸ್ಕೂಲ್ ಅಕ್ಕ:
ಬ್ರದರ್, ನಮ್ಮ ಸಭೆಯಲ್ಲಿ ಕಾಲಗಳ ಬಣ್ಣ ಆಚರಣೆ ಇಲ್ಲ, ಹಾಗಾಗಿ ಆ ಭಾಗ ನಾನು ಮಾಡಲ್ಲ, ಆದ್ರೆ ಕುರುಬ ಮತ್ತೆ ಕುರಿಗಳನ್ನ ಕೈಗೆ ಕೊಡೋದು ತುಂಬಾ ಒಳ್ಳೇದು. ಅದರಲ್ಲೇ ಲೆಕ್ಕಾನೂ ಇದೆ ನೋಡಿ. ನೂರು ಕುರಿಯಲ್ಲಿ ಒಂದು ಕಳೆದುಹೋಯ್ತು ಅಂದ್ರೆ ಇವರಿಗೆ ನೂರು ದೊಡ್ಡದಾಯ್ತು, ಹತ್ತು ಕುರಿ ಇಟ್ಟು ಒಂದನ್ನ ಬಚ್ಚಿಟ್ಟು ಎಷ್ಟಿವೆ ಅಂತ ಎಣಿಸಿಸಿ, ಹುಡುಕಿಸಿ, ಮತ್ತೆ ಎಣಿಸಿಸಿ.

ಬೇರೆ ದಾರಿ:
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಯಾರೂ ತಪ್ಪು ತಿಳ್ಕೋಬೇಡಿ. ನಾವೂ ಕ್ರಿಸ್ತನಲ್ಲಿ ನಂಬಿಕೆ ಇಟ್ಟವರೇ, ನಮ್ಮ ಮಗನ್ನ ನಾಲ್ಕು ವರ್ಷಕ್ಕೆ ಬೆಳಗ್ಗೆ ಮೂರು ಗಂಟೆಯ ಪ್ಲೇಸ್ಕೂಲ್‌ಗೆ ಕಳಿಸಿದ್ವಿ, ಮನೆಯಲ್ಲಿ ಹಸುಗೂಸು ಇತ್ತು, ನನ್ನ ಆರೋಗ್ಯಾನೂ ಸರಿ ಇರಲಿಲ್ಲ. ಅದು ನಮಗೆ ಸರಿಯಾದ ತೀರ್ಮಾನ ಅಂತ ಇವತ್ತಿಗೂ ಅನ್ಸುತ್ತೆ. ಕೆಲವು ಕಡೆ ಮನೆಯಲ್ಲಿ ಕಲಿಸೋರೇ ನಿಜವಾದ ವಿಶ್ವಾಸಿಗಳು ಅನ್ನೋ ಥರ ಮಾತಾಡ್ತಾರೆ, ಅದನ್ನ ಕೇಳಿ ಎಷ್ಟೋ ತಾಯಂದಿರು ಒಳಗೊಳಗೇ ಕುಗ್ಗಿಹೋಗ್ತಾರೆ. ಧರ್ಮೋಪದೇಶಕಾಂಡದ ನಾಲ್ಕು ಹೊತ್ತು ಶಾಲೆಗೆ ಹೋಗೋ ಮಗುಗೂ ಇದೆ, ಏಳೋದು ಮಲಗೋದು ನಮ್ಮ ಮನೆಯಲ್ಲೇ ತಾನೆ.

ಇನ್ನೊಂದು ನೇರವಾಗಿ ಕೇಳ್ತೀನಿ ಸಿಸ್ಟರ್, ನೀವು ಮನೆಯಲ್ಲಿ ಇಟ್ಕೊಳ್ತಿರೋದು ಜೊತೆಗಿರೋ ಆಸೆಯಿಂದಲೋ, ಹೊರಗಿನ ಲೋಕದ ಭಯದಿಂದಲೋ? ಭಯದಿಂದ ಆದ್ರೆ ಮಕ್ಕಳಿಗೆ ಮೊದಲು ಅಂಟೋದು ಆ ಭಯಾನೇ. ಬೇರೆ ಧರ್ಮದ ಮಕ್ಕಳ ಜೊತೆ, ಬೇರೆ ಥರ ಮಾತಾಡೋರ ಜೊತೆ, ಅಂಗವೈಕಲ್ಯ ಇರೋ ಮಕ್ಕಳ ಜೊತೆ ಆಡಿ ಬೆಳೆಯೋದೂ ನೆರೆಯವರನ್ನ ಪ್ರೀತಿಸೋ ಪಾಠಾನೇ. ವಾರಕ್ಕೊಂದು ಸಲ ಸಂಡೇ ಸ್ಕೂಲಲ್ಲಿ ಒಂದು ಗಂಟೆ ಅದಕ್ಕೆ ಸಾಕಾಗಲ್ಲ.

ಮೂವರ ಅಪ್ಪ:
ಸಿಸ್ಟರ್, ಇದನ್ನ ಬರೆದಿದ್ದಕ್ಕೆ ಥ್ಯಾಂಕ್ಸ್. ಶಾಲೆಗೆ ಕಳಿಸೋರ ವಿಶ್ವಾಸ ಅಳೆಯೋ ಹಕ್ಕು ಯಾರಿಗೂ ಇಲ್ಲ, ಸತ್ಯವೇದದಲ್ಲಿ ಎಲ್ಲೂ ಪ್ಲೇಸ್ಕೂಲ್ ಪಾಪ ಅಂತ ಇಲ್ಲ. ತಾಯಿ ಆರೋಗ್ಯ ಸರಿ ಇಲ್ಲದಾಗ, ಇಬ್ಬರೂ ದುಡಿಯಲೇಬೇಕಾದಾಗ ಒಳ್ಳೆ ಪ್ಲೇಸ್ಕೂಲ್ ದೇವರ ಸಹಾಯಾನೇ. ಆದ್ರೆ ಮನೆಯಲ್ಲಿ ಕಲಿಸೋರೆಲ್ಲ ಬಾಗಿಲು ಹಾಕ್ಕೊಂಡು ಕೂತಿರ್ತಾರೆ ಅನ್ನೋದು ನಾನು ಒಪ್ಪಲ್ಲ. ನಮ್ಮ ಮಕ್ಕಳ ಅತ್ಯಂತ ಹತ್ತಿರದ ಸ್ನೇಹಿತರು ಪಕ್ಕದ ಮನೆಯವರು, ಅವರದ್ದು ಬೇರೆ ಧರ್ಮ, ದಿನಾ ಸಂಜೆ ಒಟ್ಟಿಗೇ ಆಟ. "ಅವರು ಯಾಕೆ ಬೇರೆ ಥರ ಪ್ರಾರ್ಥನೆ ಮಾಡ್ತಾರೆ" ಅಂತ ಕೇಳಿದಾಗ ಗೌರವದಿಂದ ಹೇಳ್ತೀವಿ, ನಾವು ನಂಬೋದು ಇದು, ಅವರು ನಂಬೋದು ಅದು, ಅವರೂ ದೇವರು ಪ್ರೀತಿಸೋ ಜನ. ಹಾಗೆ ಹೇಳೋಕೆ ಸಮಯ ಸಿಗೋದೇ ನಾವು ಜೊತೆಗಿರೋದ್ರಿಂದ.

ಮಣ್ಣು ಮತ್ತು ಮಕ್ಕಳು:
ಸ್ನೇಹಿತರ ವಿಷಯದಲ್ಲಿ ಇಬ್ಬರ ವಯಸ್ಸೂ ಬೇರೆ ಅನ್ನೋದು ನೆನಪಿರಲಿ. ಮೂರು ವರ್ಷದವರು ಹೆಚ್ಚಾಗಿ ಪಕ್ಕಪಕ್ಕ ಕೂತು ತಂತಮ್ಮ ಆಟ ಆಡ್ತಾರೆ, ಅವನಿಗೆ ನೀವು ಮತ್ತೆ ಅಕ್ಕ ಇದ್ರೆ ಸದ್ಯಕ್ಕೆ ಕೊರತೆ ಕಾಣಲ್ಲ. ನಾಲ್ಕು ದಾಟಿದ್ಮೇಲೆ ಮಕ್ಕಳು ಸೇರಿ ಕಥೆ ಕಟ್ಟಿ ಆಡೋದು ಶುರು, ನೀನು ಡಾಕ್ಟರ್ ನಾನು ಪೇಷಂಟ್ ಅಂತ. ಅಲ್ಲಿ ಜಗಳ, ರಾಜಿ, ನನ್ನ ಸರದಿ ನಿನ್ನ ಸರದಿ ಎಲ್ಲಾ ಬರುತ್ತೆ, ಅದು ಅಮ್ಮನ ಜೊತೆ ಆಡಿದ್ರೆ ಬರಲ್ಲ ಯಾಕಂದ್ರೆ ಅಮ್ಮ ಸೋತುಬಿಡ್ತಾಳೆ. ಮಗಳಿಗೆ ಅವಳ ಓರಗೆಯ ಒಬ್ಬರೋ ಇಬ್ಬರೋ ಗೆಳತಿಯರು ವಾರದಲ್ಲಿ ಮೂರ್ನಾಲ್ಕು ಸಲ ಸಿಗಲೇಬೇಕು. ದೊಡ್ಡ ಗುಂಪು ಬೇಡ, ಅದೇ ಮುಖಗಳು ಮತ್ತೆ ಮತ್ತೆ ಸಿಗಬೇಕು.

ಮಾತಿನ ಮನೆ:
ನಾನು ಮಕ್ಕಳ ಮಾತು ಮತ್ತೆ ಕಿವಿ ಪರೀಕ್ಷೆ ಕ್ಷೇತ್ರದಲ್ಲಿ ಕೆಲಸ ಮಾಡ್ತೀನಿ. ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ. ನರ್ಸರಿಗೆ ಹೋಗೋ ಮಗುನ ಟೀಚರ್ ಬೇರೆ ಮಕ್ಕಳ ಜೊತೆ ನೋಡ್ತಿರ್ತಾರೆ, ಏನಾದ್ರೂ ಹಿಂದೆ ಬಿದ್ರೆ ಬೇಗ ಗೊತ್ತಾಗುತ್ತೆ. ಮನೆಯಲ್ಲಿರೋ ಮಗುನ ಮಾತು ಅಮ್ಮನಿಗೆ ಪೂರ್ತಿ ಅರ್ಥ ಆಗುತ್ತೆ, ಹೇಳೋ ಮುಂಚೆನೇ ಅರ್ಥ ಆಗುತ್ತೆ, ಹಾಗಾಗಿ ತೊಂದರೆ ಇದ್ರೂ ಕಣ್ಣಿಗೆ ಬೀಳಲ್ಲ. ಮೂರು ವರ್ಷಕ್ಕೆ ಮನೆಯವರಲ್ಲದವರಿಗೂ ಮಗುವಿನ ಮಾತಿನ ಮುಕ್ಕಾಲು ಭಾಗ, ನಾಲ್ಕಕ್ಕೆ ಹೆಚ್ಚುಕಡಿಮೆ ಎಲ್ಲಾನೂ ತಿಳೀಬೇಕು ಅನ್ನೋದು ನಾವು ಸಾಮಾನ್ಯವಾಗಿ ಇಟ್ಕೊಳ್ಳೋ ಅಂದಾಜು. ಹಿಂದಿನಿಂದ ಮೆಲ್ಲಗೆ ಕರೆದ್ರೆ ತಿರುಗಲ್ಲ, ಪುಸ್ತಕ ತುಂಬಾ ಹತ್ತಿರ ಹಿಡೀತಾಳೆ, ಬರ್ತಿದ್ದ ಮಾತು ನಿಂತುಹೋಗಿದೆ, ಇಂಥದ್ದು ಕಂಡ್ರೆ ಕಾಯಬೇಡಿ, ತೋರಿಸಿ. ಪ್ರಾರ್ಥನೆ ಮಾಡಿ, ಜೊತೆಗೇ ಅಪಾಯಿಂಟ್‌ಮೆಂಟ್ ಕೂಡ ತಗೊಳ್ಳಿ, ಇವೆರಡರಲ್ಲಿ ಒಂದನ್ನ ಆರಿಸ್ಕೋಬೇಕಾಗಿಲ್ಲ. ಏನೂ ಕಾಣದಿದ್ರೂ ಶಾಲೆ ವಯಸ್ಸಿಗೆ ಮುಂಚೆ ಒಂದ್ಸಲ ಕಣ್ಣು ಕಿವಿ ಪರೀಕ್ಷೆ ಮಾಡಿಸಿ. ಎರಡರಿಂದ ಐದು ವರ್ಷದೊಳಗೆ ಎಷ್ಟೋ ಮಕ್ಕಳಿಗೆ ಮಾತು ತಡವರಿಸೋದು ಬಂದು ಹೋಗುತ್ತೆ, ಆಗ ಅವರ ವಾಕ್ಯ ನೀವು ಮುಗಿಸ್ಬೇಡಿ, ನಿಧಾನ ಹೇಳು ಅಂತನೂ ಅನ್ಬೇಡಿ, ಸುಮ್ನೆ ಕಣ್ಣು ನೋಡ್ತಾ ಕಾಯಿರಿ, ತಿಂಗಳುಗಟ್ಟಲೆ ಹಾಗೇ ಉಳಿದ್ರೆ ತೋರಿಸಿ. ಮನೆಯಲ್ಲಿ ಎರಡು ಭಾಷೆ ಇದ್ರೆ ಮಾತು ತಡ ಆಗುತ್ತೆ ಅನ್ನೋದು ನಿಜ ಅಲ್ಲ, ಎರಡರಲ್ಲೂ ಹಾಡಿ, ಎರಡರಲ್ಲೂ ಪ್ರಾರ್ಥಿಸಿ.

ಮತ್ತೆ ಬೈಬಲ್ ಕಾರ್ಟೂನ್. ಅದೂ ಸ್ಕ್ರೀನೇ, ಯೇಸು ಕಥೆ ಇದೆ ಅಂತ ಲೆಕ್ಕದಿಂದ ಬಿಡೋಕಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಅಂತಲೇ ಮಾರ್ಗಸೂಚಿ ಕೊಟ್ಟಿದೆ, 3 ಮತ್ತು 4 ವರ್ಷದವರಿಗೆ ಕೂತು ಸ್ಕ್ರೀನ್ ನೋಡೋದು ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆ ಇದ್ದಷ್ಟೂ ಒಳ್ಳೇದು, ಮೈ ಕೈ ಆಡಿಸೋ ಚಟುವಟಿಕೆ ಕನಿಷ್ಠ 180 ನಿಮಿಷ, ಅದರಲ್ಲಿ 60 ನಿಮಿಷವಾದ್ರೂ ಏದುಸಿರು ಬರೋ ಥರ ಓಡಾಟ, ನಿದ್ದೆ 10ರಿಂದ 13 ಗಂಟೆ. ಎರಡೂವರೆ ಗಂಟೆ ಟೈಮ್‌ಟೇಬಲ್ ಈ ಲೆಕ್ಕದಲ್ಲಿ ಎಲ್ಲಿ ಹಿಡಿಸುತ್ತೆ ನೀವೇ ನೋಡಿ.

ಮೊಮ್ಮಕ್ಕಳ ಅಜ್ಜಿ:
ಸ್ತೋತ್ರ ರೀ ಎಲ್ಲಾರಿಗೂ. ನನ್ನ ಮೊಮ್ಮಗಳು ಟೈಪ್ ಮಾಡಾಕತ್ತಾಳ, ನಾ ಹೇಳತೀನಿ. ತಂಗಿ, ನೀ ಬರದದ್ದು ಓದಿಸಿ ಕೇಳಿದೆ. ಒಂದ ಮಾತು, ನೀ ಒಬ್ಬಾಕಿನ ಎಲ್ಲಾ ಮಾಡಬ್ಯಾಡ. ಎರಡನೇ ತಿಮೊಥೆ ಒಂದನೇ ಅಧ್ಯಾಯದಾಗ ಪೌಲ ಏನಂತಾನ, ಮೊದಲ ತಿಮೊಥೆಯನ ಅಜ್ಜಿ ಲೋವಿ ಹೆಸರು ಹೇಳತಾನ, ಆಮ್ಯಾಲ ತಾಯಿ ಯೂನಿಕೆ. ಹಂಗಾರ ಅಜ್ಜಿ ಕೆಲಸಾನೂ ಐತಿ ಹೌದಿಲ್ಲೋ. ಮನ್ಯಾಗ ಹಿರಿಯಾರು ಇದ್ರ ಅವರ ಕಡೆ ಹಾಡು ಬಿಟ್ಟುಬಿಡು. ಇಲ್ಲಂದ್ರ ಸಭ್ಯಾಗ ಒಬ್ಬಾಕಿ ಮುದುಕಿನ ಹುಡುಕು, ವಾರದಾಗ ಒಂದು ದಿನ ಬಾ ಅಂತ ಕರಿ, ಆಕಿಗೂ ಬ್ಯಾಸರಿಕಿ ಕಳೀತದ. ಹಳೇ ಹಾಡು ಆಕಿಗೆ ಬರತಾವ, ನಿನಗ ಬರೂದಿಲ್ಲ.

ಕೂಸು ಪ್ರಾರ್ಥನಾ ಕಲಿಯೂದು ನೀ ಕಲಿಸಿದಾಗ ಅಲ್ಲ, ನೀ ಮಾಡೂದು ನೋಡಿದಾಗ. ನಮ್ಮವ್ವ ನಸುಕಿನ್ಯಾಗ ಮೊಣಕಾಲೂರಿ ಕೂಡತಿದ್ಲು, ನಮಗ ಬಾ ಅಂತ ಒಂದ ದಿನ ಕರೀಲಿಲ್ಲ, ನಾವ ಎದ್ದು ಹೋಗಿ ಬಾಜೂಕ ಕೂಡತಿದ್ವಿ. ಎಲ್ಲಾ ಬೀಜ ಒಂದ ದಿನ ಮೊಳಕಿ ಒಡೆಯೂದಿಲ್ಲ, ಆ ಮನಿ ಹುಡುಗ ಓದತೈತಿ ಈ ಮನಿ ಹುಡುಗಿ ಬರೀತೈತಿ ಅಂತ ನೋಡಬ್ಯಾಡ. ಮತ್ತ ಮಧ್ಯಾಹ್ನ ಕೂಸು ಮಲಗಿದಾಗ ನೀನೂ ಮಲಗವಾ. ದಣದ ತಾಯಿ ಬಾಯಾಗ ಚಲೋ ಮಾತು ಬರೂದಿಲ್ಲ.

ಇಬ್ಬರ ಅಮ್ಮ:
ಅಜ್ಜಿ, ನಿಮ್ಮ ಮಾತು ಓದಿ ಅತ್ತೇಬಿಟ್ಟೆ. ನಮ್ಮತ್ತೆ ಜೊತೆಗೇ ಇದಾರೆ, ಅವರಿಗೆ ಎಷ್ಟು ಹಾಡು ಬರುತ್ತೆ ಅಂತ ಕೇಳ್ತೀನಿ. ಬೇರೆ ದಾರಿ ಸಿಸ್ಟರ್, ನಿಮ್ಮ ಪ್ರಶ್ನೆನ ಮನೆಯವರಿಗೂ ತೋರಿಸ್ದೆ. ಜೊತೆಗಿರೋ ಆಸೆನೇ ಹೆಚ್ಚು, ಆದ್ರೆ ಸ್ವಲ್ಪ ಭಯಾನೂ ಇದೆ, ಅದನ್ನ ಇಬ್ಬರೂ ಕೂತು ಮಾತಾಡ್ತಿದೀವಿ. ಸದ್ಯಕ್ಕೆ ಟೈಮ್‌ಟೇಬಲ್ ತೆಗೆದಿಟ್ಟಿದೀನಿ, ಪುಸ್ತಕದಲ್ಲಿರೋ ಚಿತ್ರ ಮಾತ್ರ ಬಳಸ್ತೀನಿ. ಕೊನೇ ಪ್ರಶ್ನೆ, ದೊಡ್ಡವಳಿಗೆ ಅಕ್ಷರದ ಬಗ್ಗೆ ಆಸೆ ಇದೆ, "ಇದೇನು ಬರೆದಿದೆ" ಅಂತ ತಾನೇ ಕೇಳ್ತಾಳೆ, ಬರೆಯೋದು ಮಾತ್ರ ಬೇಡ. ಅವಳಿಗೆ ಕನ್ನಡ ಎಲ್ಲಿಂದ ಶುರು ಮಾಡ್ಲಿ? ಅವಳ ಜೊತೆ ಕೂತಾಗ ಚಿಕ್ಕವನನ್ನ ಏನು ಮಾಡ್ಲಿ?

ಮಣ್ಣು ಮತ್ತು ಮಕ್ಕಳು:
ಕೇಳ್ತಿದಾಳೆ ಅಂದ್ರೆ ಹೇಳಿಕೊಡಿ, ತಡೆಯೋದೂ ತಪ್ಪು. ಓದೋದನ್ನ ಬರೆಯೋದ್ರಿಂದ ಬೇರೆ ಮಾಡಿ, ಅಷ್ಟೇ. ಮೊದಲು ಕಿವಿಯಿಂದ ಶುರು. ಮ ಇಂದ ಶುರುವಾಗೋದು ಹೇಳು, ಮರ, ಮಳೆ, ಮನೆ, ಮೋಶೆ. ಆಮೇಲೆ ಚಪ್ಪಾಳೆ ಆಟ, ಸ ಮು ವೇ ಲ ನಾಲ್ಕು ಚಪ್ಪಾಳೆ, ನೋ ಹ ಎರಡು. ಪ್ರಾಸದ ಆಟ, ನರಿ ಕುರಿ ಮರಿ. ಇದು ಗಟ್ಟಿಯಾದ್ರೆ ಅಕ್ಷರ ತಾನಾಗೇ ಕೂರುತ್ತೆ. ಆಮೇಲೆ ಅ ಆ ಇ ಈ ಅಂತ ವರ್ಣಮಾಲೆ ಕ್ರಮದಲ್ಲೇ ಹೋಗ್ಬೇಕಾಗಿಲ್ಲ, ಬರೆಯೋಕೆ ಸುಲಭ ಇರೋ ರ, ಗ, ಸ, ದ, ಅ ಅನ್ನೋ ಕ್ರಮದಲ್ಲಿ ತಗೊಂಡ್ರೆ ಬೇಗ ಪದಗಳು ಆಗ್ತವೆ, ಅರ, ಅರಸ, ಸರ, ಗರಗಸ, ದರ. ಕಾಗುಣಿತ ಒತ್ತಕ್ಷರ ಎಲ್ಲಾ ಆಮೇಲೆ. ಒಂದೊಂದು ಅಕ್ಷರ ದಪ್ಪ ರಟ್ಟಲ್ಲಿ ದೊಡ್ಡದಾಗಿ ಕತ್ತರಿಸಿ ಬೆರಳಲ್ಲಿ ಸವರಿಸಿ, ಮರಳಲ್ಲಿ ಬರೆಸಿ, ಜೇಡಿಮಣ್ಣಿನ ಹಗ್ಗ ಮಾಡಿ ರ ಸುತ್ತಿಸಿ. ನಮ್ಮ ಅಕ್ಷರ ಹೆಚ್ಚಿನವು ದುಂಡು, ಮಣ್ಣಲ್ಲಿ ಚೆನ್ನಾಗಿ ಕೂರ್ತವೆ. ಪೆನ್ಸಿಲ್ ಅವಳೇ ಕೇಳ್ತಾಳೆ.

ಲೆಕ್ಕಕ್ಕೂ ಅಷ್ಟೇ. ಒಂದರಿಂದ ಇಪ್ಪತ್ತು ಹೇಳೋದು ಹಾಡು ಹೇಳಿದ ಹಾಗೆ, ಅದರಿಂದ ಎಣಿಕೆ ಬರುತ್ತೆ ಅಂತ ಅಲ್ಲ. ಒಂದು ರಾಶಿ ಗುಂಡಿ ಇಟ್ಟು "ಐದು ಕೊಡು" ಅನ್ನಿ, ಸರಿಯಾಗಿ ಐದಕ್ಕೆ ನಿಲ್ಲಿಸಿದ್ರೆ ಅವಳಿಗೆ ಐದು ಗೊತ್ತು, ಹಿಡಿ ತುಂಬಾ ಕೊಟ್ರೆ ಇನ್ನೂ ಗೊತ್ತಿಲ್ಲ. ಹನ್ನೆರಡು ಶಿಷ್ಯರಿಗೆ ಹನ್ನೆರಡು ಚಮಚ ಜೋಡಿಸಿ, ಒಬ್ಬರಿಗೆ ಒಂದು.

ಚಿಕ್ಕವನಿಗೆ ಒಂದು ಬುಟ್ಟಿ ಬೇರೆ ಇಡಿ, ಅಕ್ಕನ ಪಾಠದ ಹೊತ್ತಲ್ಲಿ ಮಾತ್ರ ಹೊರಗೆ ಬರೋ ಬುಟ್ಟಿ. ಅದರಲ್ಲಿ ಕ್ಲಿಪ್ಪು, ಮುಚ್ಚಳ ಇರೋ ಡಬ್ಬಿಗಳು, ಹಳೇ ಬೀಗ ಮತ್ತೆ ಕೀ, ದೊಡ್ಡ ಗುಂಡಿ ಪೋಣಿಸೋ ದಾರ. ಗುಂಡಿ ಬಾಯಿಗೆ ಹಾಕ್ಕೊಳ್ಳದ ಹಾಗೆ ಪಕ್ಕದಲ್ಲೇ ಕೂರಿಸ್ಕೊಳ್ಳಿ. ವಾರಕ್ಕೊಂದ್ಸಲ ಎರಡು ಸಾಮಾನು ಬದಲಾಯಿಸಿ. ಮೊದಲು ಹತ್ತು ನಿಮಿಷ ಪೂರ್ತಿ ಅವನಿಗೆ ಕೊಟ್ಟು ಆಮೇಲೆ ಅಕ್ಕನ ಜೊತೆ ಕೂತ್ರೆ ನಡುವೆ ಎಳೆಯೋದು ಕಡಿಮೆ ಆಗುತ್ತೆ. ಅವನು ಬಂದು ಅಕ್ಕನ ಮಣ್ಣಿನ ರ ಮುಟ್ಟಿದ್ರೆ ಅವನಿಗೂ ಒಂದು ಉಂಡೆ ಮಣ್ಣು ಕೊಡಿ.